ವೆಬ್‌ಸೈಟಿಗೊಂದು ಸ್ವಂತ ವಿಂಡೋ: ಬ್ರೌಸರ್‌ನಿಂದಲೇ ಆ್ಯಪ್ ಮಾಡಿಕೊಳ್ಳುವುದು ಹೇಗೆ?

ಮುಂಬೈಯ ಮಾಟುಂಗಾದಲ್ಲಿ ನನ್ನ ಸೋದರಮಾವನದ್ದೊಂದು ಚಿಕ್ಕ ಉಡುಪಿ ಹೋಟೆಲ್ ಇದೆ. ಗಲ್ಲಾದ ಪಕ್ಕದಲ್ಲೇ ಕಂಪ್ಯೂಟರ್. ಬೆಳಿಗ್ಗೆ ಶಟರ್ ಎತ್ತಿದಾಗ ಆನ್ ಆದರೆ ರಾತ್ರಿ ಹನ್ನೊಂದರ ತನಕ ಅದರಲ್ಲಿ ಬ್ರೌಸರ್ ತೆರೆದೇ ಇರುತ್ತದೆ. ಒಂದು ಟ್ಯಾಬ್‌ನಲ್ಲಿ ಪಾರ್ಸೆಲ್ ಆರ್ಡರ್ ಬರುವ ಪುಟ, ಇನ್ನೊಂದರಲ್ಲಿ ಇಮೇಲ್, ಆಮೇಲೆ ವಾಟ್ಸಾಪ್, ಬ್ಯಾಂಕು, ಜಿಎಸ್‌ಟಿ, ಗ್ಯಾಸ್ ಬುಕಿಂಗ್, ನಡುವೆ ಎಲ್ಲೋ ಒಂದು ಯಕ್ಷಗಾನದ ವಿಡಿಯೋ. ಒಮ್ಮೆ ಎಣಿಸಿ ನೋಡಿದೆ, ಇಪ್ಪತ್ಮೂರು ಟ್ಯಾಬ್ ಇದ್ದವು. ಒಂದೊಂದೂ ಎಷ್ಟು ಸಣ್ಣದಾಗಿತ್ತೆಂದರೆ ಯಾವುದು ಯಾವುದೆಂದು ಹೆಸರು ಓದಲೂ ಆಗುತ್ತಿರಲಿಲ್ಲ.

ಒಂದು ಭಾನುವಾರ ಸಂಜೆ ಗಲ್ಲಾದಲ್ಲಿ ಕೂತಿದ್ದ ಹುಡುಗ ವಿಡಿಯೋ ಮುಚ್ಚಲು ಹೋಗಿ ಆರ್ಡರ್ ಬರುವ ಟ್ಯಾಬನ್ನೇ ಮುಚ್ಚಿಬಿಟ್ಟ. ಮುಕ್ಕಾಲು ಗಂಟೆ ಯಾರಿಗೂ ಗೊತ್ತಾಗಲಿಲ್ಲ. ನಾಲ್ಕು ಆರ್ಡರ್ ತಪ್ಪಿತು. ರಾತ್ರಿ ಡೊಂಬಿವಲಿಯಲ್ಲಿರುವ ನನಗೆ ಮಾವನ ಫೋನ್ ಬಂತು. "ಆ ಆರ್ಡರಿನದ್ದೊಂದು ಬೇರೆಯೇ ಇಡ್ಲಿಕ್ಕೆ ಆಗುದಿಲ್ವಾ ಮಾರಾಯ?"

ಆಗುತ್ತದೆ. ಅದಕ್ಕೆ ಹೊಸ ಸಾಫ್ಟ್‌ವೇರ್ ಕೊಳ್ಳುವುದೂ ಬೇಡ. ದಿನಾ ಬಳಸುವ ಬ್ರೌಸರ್‌ನಲ್ಲೇ ಆ ಸೌಲಭ್ಯ ಇದೆ.

ಇತ್ತೀಚೆಗೆ ಈ ವಿಷಯ ಹಲವರ ಕಂಪ್ಯೂಟರಿಗೆ ತಾನಾಗಿಯೇ ಬಂದಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಂದ ಫೈರ್‌ಫಾಕ್ಸ್ 143ರಲ್ಲಿ ವೆಬ್‌ಸೈಟನ್ನು ಬೇರೆ ವಿಂಡೋದಲ್ಲಿ ಇಟ್ಟುಕೊಳ್ಳುವ ಅವಕಾಶ ಸೇರಿತು. ಅದೇ ವರ್ಷ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಎಷ್ಟೋ ಅಂಗಡಿ, ಆಫೀಸುಗಳು ಹೊಸ ಕಂಪ್ಯೂಟರಿಗೆ ಬದಲಾದವು. ವರ್ಷದ ಕೊನೆಯ ಹೊತ್ತಿಗೆ ವಿಂಡೋಸ್‌ನ ವಾಟ್ಸಾಪ್ ಆ್ಯಪ್ ಕೂಡ ಒಳಗಿನಿಂದ ವಾಟ್ಸಾಪ್ ವೆಬ್ ಆಗಿ ಬದಲಾಯಿತು. "ಇದು ಆ್ಯಪಾ, ವೆಬ್‌ಸೈಟಾ?" ಎಂದು ಮಾವ ಕೇಳಿದ್ದು ಆಗಲೇ. ನಿಜವಾಗಿ ಒಳ್ಳೆಯ ಪ್ರಶ್ನೆ ಅದು.

ಅಡುಗೆಮನೆ, ಟೇಬಲ್, ಪಾರ್ಸೆಲ್ ಕೌಂಟರ್

ವೆಬ್‌ಸೈಟ್ ಎಂದರೆ ಬೇರೆ ಎಲ್ಲೋ ಒಂದು ಕಂಪ್ಯೂಟರಿನಲ್ಲಿ ಇರುವ ಪುಟಗಳು. ನಾವು ವಿಳಾಸ ಟೈಪ್ ಮಾಡಿದಾಗ ಅವು ಇಂಟರ್ನೆಟ್ ಮೂಲಕ ನಮ್ಮಲ್ಲಿಗೆ ಬರುತ್ತವೆ. ಆದರೆ ಬರುವಾಗ ಚಿತ್ರದ ಹಾಗೆ ಸಿದ್ಧವಾಗಿ ಬರುವುದಿಲ್ಲ, ಬರೀ ಸಾಮಾನು ಮತ್ತು ಮಾಡುವ ವಿಧಾನ ಬರುತ್ತದೆ. ಅದನ್ನು ಬೇಯಿಸಿ ಕಣ್ಣಿಗೆ ಕಾಣುವ ಪುಟ ಮಾಡುವುದು ಬ್ರೌಸರ್. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್, ಸಫಾರಿ ಎಲ್ಲ ಬ್ರೌಸರ್‌ಗಳೇ. ಬ್ರೌಸರ್‌ನ ಒಳಗಿರುವ, ಈ ಬೇಯಿಸುವ ಭಾಗಕ್ಕೆ ಎಂಜಿನ್ ಎನ್ನುತ್ತಾರೆ.

ಮಾವನ ಹೋಟೆಲನ್ನೇ ನೋಡಿ. ಒಳಗೆ ಒಂದು ಅಡುಗೆಮನೆ, ಹೊರಗೆ ಹತ್ತು ಟೇಬಲ್. ಅಡುಗೆಮನೆ ಅಂದರೆ ಎಂಜಿನ್. ಟೇಬಲ್ ಅಂದರೆ ಟ್ಯಾಬ್. ಎಲ್ಲ ಟೇಬಲಿಗೂ ಒಂದೇ ಒಲೆಯಿಂದ ದೋಸೆ ಬರುತ್ತದೆ, ಎಲ್ಲರೂ ಒಂದೇ ಬಾಗಿಲಿನಿಂದ ಒಳಗೆ ಬರಬೇಕು. ಮಧ್ಯಾಹ್ನ ಒಂದು ಗಂಟೆಗೆ ನೂಕುನುಗ್ಗಲು. ಪಾರ್ಸೆಲಿಗೆ ಬಂದವನೂ ಅದೇ ಗದ್ದಲದಲ್ಲಿ ನಿಲ್ಲಬೇಕು.

ಮಾವ ಏನು ಮಾಡಿದರು? ರಸ್ತೆಯ ಕಡೆಗೆ ಒಂದು ಕಿಟಕಿ ಒಡೆಸಿ ಪಾರ್ಸೆಲ್ ಕೌಂಟರ್ ಮಾಡಿದರು. ಅಡುಗೆಮನೆ ಅದೇ, ಭಟ್ಟರೂ ಅವರೇ, ಸಾಂಬಾರಿನ ರುಚಿಯೂ ಅದೇ. ಕೌಂಟರಿಗೆ ಮಾತ್ರ ಸ್ವಂತ ಬೋರ್ಡು, ಸ್ವಂತ ಸಾಲು.

ವೆಬ್‌ಸೈಟನ್ನು ಆ್ಯಪ್ ಮಾಡುವುದು ಎಂದರೆ ಇಷ್ಟೇ. ಅದೇ ವೆಬ್‌ಸೈಟ್, ಅದೇ ಬ್ರೌಸರ್ ಎಂಜಿನ್. ಆದರೆ ಅದಕ್ಕೆ ಸ್ವಂತ ವಿಂಡೋ, ಸ್ವಂತ ಐಕಾನ್. ಮೇಲೆ ಟ್ಯಾಬ್‌ಗಳ ಸಾಲಿಲ್ಲ. ಕ್ರೋಮ್ ಮತ್ತು ಎಡ್ಜ್‌ನಲ್ಲಿ ವಿಳಾಸದ ಪಟ್ಟಿಯೂ ಕಾಣುವುದಿಲ್ಲ. ಟಾಸ್ಕ್‌ಬಾರ್‌ನಲ್ಲಿ ಬೇರೆಯಾಗಿ ನಿಲ್ಲುತ್ತದೆ. ಆಲ್ಟ್ ಮತ್ತು ಟ್ಯಾಬ್ ಕೀ ಒತ್ತಿದರೆ ಬೇರೆ ಪ್ರೋಗ್ರಾಮ್‌ಗಳ ಜೊತೆ ಇದೂ ಕಾಣುತ್ತದೆ. ಬ್ರೌಸರ್ ವಿಂಡೋವನ್ನು ಎಕ್ಸ್ ಒತ್ತಿ ಮುಚ್ಚಿದರೂ ಈ ವಿಂಡೋ ತೆರೆದೇ ಇರುತ್ತದೆ. ಮಾವನಿಗೆ ಬೇಕಿದ್ದದ್ದು ಇದೇ ಅಲ್ವಾ?

ಹಾಗಾದರೆ ಹಳೆಯ ಕಾಲದ, ಡೌನ್‌ಲೋಡ್ ಮಾಡಿ ಹಾಕಿಕೊಳ್ಳುವ ಆ್ಯಪ್? ಅದು ಪೂರ್ತಿ ಬೇರೆ ಹೋಟೆಲ್. ತನ್ನದೇ ಕಟ್ಟಡ, ತನ್ನದೇ ಒಲೆ. ಇವೆರಡರ ನಡುವೆ ಇನ್ನೊಂದು ಬಗೆಯೂ ಇದೆ. ನೋಡಲು ಡೌನ್‌ಲೋಡ್ ಮಾಡಿದ ಆ್ಯಪ್, ಒಳಗೆ ಮಾತ್ರ ವೆಬ್‌ಸೈಟ್. ಇಂಥ ಎಷ್ಟೋ ಆ್ಯಪ್‌ಗಳು ಎಲೆಕ್ಟ್ರಾನ್ ಎಂಬ ಸಾಧನದಿಂದ ಮಾಡಿದವು. ಇದು 2013ರಲ್ಲಿ ಗಿಟ್‌ಹಬ್ ಕಂಪನಿಯಲ್ಲಿ ಹುಟ್ಟಿತು. ಸ್ಲ್ಯಾಕ್, ಡಿಸ್ಕಾರ್ಡ್, ವಿಎಸ್ ಕೋಡ್ ಎಲ್ಲ ಇದರಿಂದಲೇ ಆದವು. ಇಂಥ ಪ್ರತಿ ಆ್ಯಪ್ ಕೂಡ ಒಂದೊಂದು ಪೂರ್ತಿ ಬ್ರೌಸರ್ ಎಂಜಿನನ್ನು ಜೊತೆಗೆ ಹೊತ್ತು ತರುತ್ತದೆ. ಅದಕ್ಕೇ ಸಣ್ಣ ಕೆಲಸದ ಆ್ಯಪ್ ಕೂಡ ನೂರು ಎಂಬಿ ದಾಟುತ್ತದೆ. ಬ್ರೌಸರ್‌ನಿಂದ ಮಾಡಿಕೊಂಡ ಆ್ಯಪಿಗೆ ಆ ಭಾರ ಇಲ್ಲ, ಈಗಾಗಲೇ ಇರುವ ಒಲೆಯನ್ನೇ ಬಳಸುತ್ತದೆ. ಮಾವ ಕೇಳಿದ ವಾಟ್ಸಾಪ್ ಕೂಡ ಈ ನಡುವಿನ ಬಗೆಯದ್ದೇ, ಆದರೆ ಅದು ಸ್ವಂತ ಒಲೆ ತರುವುದಿಲ್ಲ. ವಿಂಡೋಸ್‌ನಲ್ಲಿ ಮೊದಲೇ ಇರುವ ಎಡ್ಜ್ ಎಂಜಿನನ್ನು ಬಳಸುತ್ತದೆ.

ಮಾಡುವುದು ಹೇಗೆ

ಕ್ರೋಮ್‌ನಲ್ಲಿ ಬೇಕಾದ ವೆಬ್‌ಸೈಟ್ ತೆರೆಯಿರಿ. ಬಲಗಡೆ ಮೇಲೆ ಮೂರು ಚುಕ್ಕಿ ಇದೆ, ಅದನ್ನು ಒತ್ತಿ. "ಕಾಸ್ಟ್, ಸೇವ್ ಆ್ಯಂಡ್ ಶೇರ್" ಎಂಬಲ್ಲಿ "ಇನ್‌ಸ್ಟಾಲ್ ಪೇಜ್ ಆ್ಯಸ್ ಆ್ಯಪ್" ಸಿಗುತ್ತದೆ. ಹೆಸರು ಕೇಳುತ್ತದೆ, ಕನ್ನಡದಲ್ಲೇ ಬೇಕಾದರೂ ಕೊಡಬಹುದು. ಮಾವನದ್ದಕ್ಕೆ ನಾನು "ಆರ್ಡರ್" ಎಂದು ಕೊಟ್ಟೆ. ಕೆಲವು ಸೈಟ್‌ಗಳಲ್ಲಿ ಇಷ್ಟೂ ಬೇಡ, ವಿಳಾಸದ ಪಟ್ಟಿಯ ಬಲ ತುದಿಯಲ್ಲೇ ಕೆಳಮುಖ ಬಾಣ ಇರುವ ಪುಟ್ಟ ಕಂಪ್ಯೂಟರ್ ಚಿತ್ರ ಕಾಣುತ್ತದೆ. ಅದನ್ನೇ ಒತ್ತಿದರೆ ಸಾಕು.

ಅದೇ ಮೆನುವಿನಲ್ಲಿ "ಕ್ರಿಯೇಟ್ ಶಾರ್ಟ್‌ಕಟ್" ಎಂದೂ ಒಂದಿದೆ. ಅದು ಬೇರೆ. ಡೆಸ್ಕ್‌ಟಾಪ್ ಮೇಲೆ ಐಕಾನ್ ಬರುತ್ತದೆ, ಆದರೆ ಒತ್ತಿದರೆ ಪುಟ ಮತ್ತೆ ಟ್ಯಾಬ್‌ನಲ್ಲೇ ತೆರೆಯುತ್ತದೆ. ನಾವು ಬಿಟ್ಟು ಬರಬೇಕೆಂದಿದ್ದ ಗದ್ದಲಕ್ಕೇ ವಾಪಸ್.

ಎಡ್ಜ್‌ನಲ್ಲೂ ಮೂರು ಚುಕ್ಕಿಯಿಂದಲೇ ಶುರು: "ಮೋರ್ ಟೂಲ್ಸ್", ಅದರಲ್ಲಿ "ಆ್ಯಪ್ಸ್", ಅದರಲ್ಲಿ "ಇನ್‌ಸ್ಟಾಲ್ ದಿಸ್ ಸೈಟ್ ಆ್ಯಸ್ ಆ್ಯನ್ ಆ್ಯಪ್". ಮುಗಿದ ಮೇಲೆ ಟಾಸ್ಕ್‌ಬಾರ್‌ಗೆ ಸೇರಿಸಬೇಕಾ, ಕಂಪ್ಯೂಟರ್ ಆನ್ ಆದಾಗ ತಾನೇ ತೆರೆಯಬೇಕಾ ಎಂದು ಕೇಳುತ್ತದೆ. ಅಂಗಡಿಯವರಿಗೆ ಈ ಎರಡನೆಯದು ತುಂಬಾ ಉಪಯೋಗ. ಬೆಳಿಗ್ಗೆ ಯಾರೇ ಶಟರ್ ಎತ್ತಿದರೂ ಆರ್ಡರ್ ವಿಂಡೋ ಮರೆತುಹೋಗುವುದಿಲ್ಲ.

ಫೈರ್‌ಫಾಕ್ಸ್‌ನವರು ವಿಂಡೋಸ್‌ನಲ್ಲಿ ವಿಳಾಸದ ಪಟ್ಟಿಯಲ್ಲಿರುವ ಐಕಾನ್ ಒತ್ತಿದರಾಯಿತು. ಮ್ಯಾಕ್ ಇದ್ದವರಿಗೆ ಸಫಾರಿಯ ಫೈಲ್ ಮೆನುವಿನಲ್ಲಿ "ಆ್ಯಡ್ ಟು ಡಾಕ್" ಇದೆ. ಇದು ಮ್ಯಾಕ್‌ನ 2023ರ ಸೊನೋಮಾ ಆವೃತ್ತಿಯಿಂದ ಬಂದದ್ದು, ಅದಕ್ಕಿಂತ ಹಳೆಯದರಲ್ಲಿ ಸಿಗುವುದಿಲ್ಲ. ಲಿನಕ್ಸ್ ಮಿಂಟ್‌ನಲ್ಲಿ ಇದೇ ಕೆಲಸಕ್ಕೆ "ವೆಬ್ ಆ್ಯಪ್ಸ್" ಎಂಬ ಪ್ರತ್ಯೇಕ ಪ್ರೋಗ್ರಾಮೇ ಇದೆ.

ವಿಂಡೋ ಬೇರೆ, ಲಾಗಿನ್ ಒಂದೇ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಜನ ಹೆಚ್ಚು ಗೊಂದಲಪಡುವುದು ಇಲ್ಲೇ.

ಆರ್ಡರ್ ವಿಂಡೋ ಸರಿಯಾಯಿತು ಎಂದು ಮಾವ ಹೋಟೆಲಿನ ಇಮೇಲನ್ನೂ ಹಾಗೇ ಮಾಡಿಸಿಕೊಂಡರು. ಎರಡು ದಿನ ಚೆನ್ನಾಗಿತ್ತು. ಮೂರನೆಯ ದಿನ ಬೆಳಿಗ್ಗೆ ಇಮೇಲ್ ವಿಂಡೋ ತೆರೆದರೆ ಪಾಸ್‌ವರ್ಡ್ ಕೇಳುತ್ತಿದೆ. "ನಾನು ಎಂತದ್ದೂ ಮುಟ್ಟಲಿಲ್ಲ" ಎಂದರು ಮಾವ. ಅವರು ಮುಟ್ಟಿರಲಿಲ್ಲ, ನಿಜ. ಹಿಂದಿನ ರಾತ್ರಿ ಅವರ ಮಗ ಕಾಲೇಜಿನ ಕೆಲಸಕ್ಕೆಂದು ಬ್ರೌಸರ್‌ನಲ್ಲಿ ಇಮೇಲ್ ತೆರೆದಿದ್ದ. ಹೋಟೆಲಿನ ಖಾತೆ ಕಂಡಿತು. ಅದನ್ನು ಲಾಗ್ ಔಟ್ ಮಾಡಿ ತನ್ನದರಲ್ಲಿ ಕೆಲಸ ಮುಗಿಸಿ, ಜಾಗ್ರತೆಯ ಹುಡುಗನಾದ್ದರಿಂದ ತನ್ನದನ್ನೂ ಲಾಗ್ ಔಟ್ ಮಾಡಿ ಹೋಗಿದ್ದ.

ಬ್ರೌಸರ್‌ನಲ್ಲಿ ಮಾಡಿದ ಲಾಗ್ ಔಟ್ ಬೇರೆ ವಿಂಡೋದಲ್ಲಿದ್ದ ಆ್ಯಪಿಗೂ ತಾಗಿತು. ಯಾಕೆ?

ನೀವು ಯಾವುದೇ ಸೈಟಿಗೆ ಲಾಗಿನ್ ಆದಾಗ ಆ ಸೈಟ್ ನಿಮ್ಮ ಬ್ರೌಸರ್ ಕೈಗೆ ಒಂದು ಚೀಟಿ ಕೊಡುತ್ತದೆ. "ಇವರು ಪಾಸ್‌ವರ್ಡ್ ಕೊಟ್ಟಾಗಿದೆ, ಮತ್ತೆ ಕೇಳುವುದು ಬೇಡ" ಎಂಬುದು ಅದರ ಅರ್ಥ. ಇದಕ್ಕೆ ಕುಕೀ ಎನ್ನುತ್ತಾರೆ. ಹೋಟೆಲಿನಲ್ಲಿ ದುಡ್ಡು ಕೊಟ್ಟ ಮೇಲೆ ಸಿಗುವ ಟೋಕನ್ ಇದ್ದಂತೆ. ಟೋಕನ್ ಕೈಯಲ್ಲಿ ಇರುವ ತನಕ ಯಾರೂ ಮತ್ತೆ ದುಡ್ಡು ಕೇಳುವುದಿಲ್ಲ.

ಕ್ರೋಮ್, ಎಡ್ಜ್‌ಗಳಲ್ಲಿ ಈ ಟೋಕನ್‌ಗಳನ್ನೆಲ್ಲ ಒಂದೇ ಡಬ್ಬಿಯಲ್ಲಿ ಇಡುತ್ತಾರೆ. ಒಳಗಿನ ಟೇಬಲೂ, ಹೊರಗಿನ ಪಾರ್ಸೆಲ್ ಕೌಂಟರೂ ಅದೇ ಡಬ್ಬಿಯಿಂದ ತೆಗೆಯುತ್ತವೆ. ಒಂದು ಕಡೆ ಟೋಕನ್ ಹರಿದರೆ ಇನ್ನೊಂದು ಕಡೆಯೂ ಇಲ್ಲ. ಇದರಿಂದ ಅನುಕೂಲವೂ ಇದೆ: ಬ್ರೌಸರ್‌ನಲ್ಲಿ ಮೊದಲೇ ಲಾಗಿನ್ ಆಗಿದ್ದರೆ ಆ್ಯಪ್ ಮಾಡಿದ ಕೂಡಲೇ ಅದರಲ್ಲೂ ಲಾಗಿನ್ ಆಗಿಯೇ ಇರುತ್ತದೆ. ಒಬ್ಬರೇ ಬಳಸುವ ಕಂಪ್ಯೂಟರ್ ಆದರೆ ತೊಂದರೆಯೇ ಇಲ್ಲ. ನಾಲ್ಕು ಕೈ ಆಡುವ ಗಲ್ಲಾದ ಕಂಪ್ಯೂಟರಿನಲ್ಲಿ ಮಾತ್ರ ಇದು ನೆನಪಿರಬೇಕು. ಬೇರೆ ವಿಂಡೋ ಎಂದ ಮಾತ್ರಕ್ಕೆ ಅದು ಬೇರೆ ಮನೆ ಅಲ್ಲ.

ಬೇರೆ ಮನೆಯೇ ಬೇಕು ಎನ್ನುವವರಿಗೆ ದಾರಿ ಇದೆ. ಅದರ ಹೆಸರು ಪ್ರೊಫೈಲ್. ಕ್ರೋಮ್‌ನ ಬಲ ಮೂಲೆಯಲ್ಲಿ ಒಂದು ದುಂಡನೆಯ ಚಿತ್ರ ಇರುತ್ತದೆ, ಅದನ್ನು ಒತ್ತಿದರೆ ಹೊಸ ಪ್ರೊಫೈಲ್ ಮಾಡಬಹುದು. ಒಂದೊಂದು ಪ್ರೊಫೈಲಿಗೂ ಒಂದೊಂದು ಟೋಕನ್ ಡಬ್ಬಿ. ಪಾಸ್‌ವರ್ಡ್, ಬುಕ್‌ಮಾರ್ಕ್, ಹಿಸ್ಟರಿ ಎಲ್ಲ ಬೇರೆ ಬೇರೆ. ಯಾವ ಪ್ರೊಫೈಲಿನಲ್ಲಿ ಆ್ಯಪ್ ಮಾಡಿದಿರೋ ಆ ಡಬ್ಬಿಗೇ ಅದು ಸೇರುತ್ತದೆ. ಈಗ ಮಾವನ ಕಂಪ್ಯೂಟರಿನಲ್ಲಿ "ಹೋಟೆಲ್" ಎಂದೊಂದು, "ಮನೆ" ಎಂದೊಂದು ಪ್ರೊಫೈಲ್ ಇದೆ. ಆರ್ಡರ್, ಇಮೇಲ್ ಎರಡೂ "ಹೋಟೆಲ್"ನಲ್ಲಿ ಮಾಡಿದವು. ಮಗ "ಮನೆ" ತೆರೆದು ಏನು ಲಾಗ್ ಔಟ್ ಮಾಡಿದರೂ ಹೋಟೆಲಿಗೆ ತಾಗುವುದಿಲ್ಲ. ಆದರೆ ಪ್ರೊಫೈಲಿಗೆ ಬೀಗ ಇಲ್ಲ, ಯಾರು ಬೇಕಾದರೂ ತೆರೆಯಬಹುದು. ಗುಟ್ಟಾಗಿ ಇಡಬೇಕಾದ ವಿಷಯ ಇದ್ದರೆ ವಿಂಡೋಸ್‌ನಲ್ಲೇ ಬೇರೆ ಯೂಸರ್ ಮಾಡಿ ಪಾಸ್‌ವರ್ಡ್ ಇಡುವುದು ಸರಿ.

ಸಫಾರಿಯ ರೀತಿ ಬೇರೆ. ಅಲ್ಲಿ ಆ್ಯಪ್ ಮಾಡುವಾಗ ಆ ಸೈಟಿನ ಟೋಕನನ್ನು ಒಮ್ಮೆ ನಕಲು ಮಾಡಿ ಕೊಡುತ್ತಾರೆ, ಆಮೇಲೆ ಆ್ಯಪಿನ ಡಬ್ಬಿ ಬೇರೆ, ಸಫಾರಿಯ ಡಬ್ಬಿ ಬೇರೆ.

ನೆಟ್ ಹೋದರೆ?

ಜುಲೈಯಲ್ಲಿ ಜೋರು ಮಳೆ ಬಂದು ಕಿಂಗ್ಸ್ ಸರ್ಕಲ್‌ನಲ್ಲಿ ನೀರು ನಿಂತಿತೆಂದರೆ ಕೆಲವೊಮ್ಮೆ ನೆಟ್ಟೂ ಹೋಗುತ್ತದೆ. ಆಗ ಈ ಆ್ಯಪ್ ಕೆಲಸ ಮಾಡುತ್ತದಾ? ಅದು ಆ ವೆಬ್‌ಸೈಟ್ ಮಾಡಿದವರ ಮೇಲೆ ನಿಂತಿದೆ.

ಯಾವ ವೆಬ್‌ಸೈಟನ್ನಾದರೂ ಬೇರೆ ವಿಂಡೋಗೆ ಹಾಕಬಹುದು ನಿಜ. ಆದರೆ ಕೆಲವು ಸೈಟ್‌ಗಳನ್ನು ಮೊದಲಿನಿಂದಲೇ ಆ್ಯಪ್ ಆಗಲಿ ಎಂದು ತಯಾರು ಮಾಡಿರುತ್ತಾರೆ. ಇಂಥವಕ್ಕೆ ಪ್ರೊಗ್ರೆಸಿವ್ ವೆಬ್ ಆ್ಯಪ್, ಚಿಕ್ಕದಾಗಿ ಪಿಡಬ್ಲ್ಯುಎ ಎಂಬ ಹೆಸರಿದೆ. ಅವುಗಳಲ್ಲಿ ಎರಡು ವಸ್ತು ಮುಖ್ಯ. ಒಂದು ಮ್ಯಾನಿಫೆಸ್ಟ್: ಆ್ಯಪಿನ ಹೆಸರೇನು, ಐಕಾನ್ ಯಾವುದು, ಯಾವ ಪುಟದಿಂದ ಶುರು ಎಂದೆಲ್ಲ ಬರೆದಿಟ್ಟ ಚಿಕ್ಕ ಕಡತ. ಅಂಗಡಿಯ ಬೋರ್ಡಿನ ಹಾಗೆ. ಇನ್ನೊಂದು ಸರ್ವಿಸ್ ವರ್ಕರ್: ಪುಟಕ್ಕೂ ಇಂಟರ್ನೆಟ್‌ಗೂ ನಡುವೆ ನಿಂತು ಕೆಲಸ ಮಾಡುವ ಪುಟ್ಟ ಪ್ರೋಗ್ರಾಮ್. ಉಗ್ರಾಣ ನೋಡಿಕೊಳ್ಳುವವನು ಎನ್ನಬಹುದು. ಬೇಕಾದ ಸಾಮಾನನ್ನು ಮೊದಲೇ ತಂದು ನಮ್ಮ ಕಂಪ್ಯೂಟರಿನಲ್ಲೇ ಇಡುತ್ತಾನೆ. ಪೇಟೆಯ ದಾರಿ ಮುಚ್ಚಿದರೂ ಉಗ್ರಾಣದಲ್ಲಿ ಇದ್ದದ್ದನ್ನು ಬಡಿಸುತ್ತಾನೆ.

ಹಾಗಾಗಿ ಟಿಪ್ಪಣಿ ಬರೆಯುವ ಕೆಲವು ಆ್ಯಪ್‌ಗಳು ನೆಟ್ ಇಲ್ಲದೆಯೂ ತೆರೆಯುತ್ತವೆ. ಹೊಸ ಆರ್ಡರ್ ಮಾತ್ರ ನೆಟ್ ಇಲ್ಲದೆ ಬರುವುದಿಲ್ಲ, ಹೊರಗಿನಿಂದಲೇ ಬರಬೇಕಾದದ್ದಕ್ಕೆ ಉಗ್ರಾಣದವನೂ ಏನು ಮಾಡಿಯಾನು? ಮಾವನ ಹೋಟೆಲಿನಲ್ಲಿ ಮಳೆಗಾಲಕ್ಕೆಂದು ಒಂದು ಮೊಬೈಲ್ ಹಾಟ್‌ಸ್ಪಾಟ್ ತಯಾರಾಗಿಯೇ ಇರುತ್ತದೆ.

ಆ್ಯಪ್ ಮಾಡಿದರೆ ಕಂಪ್ಯೂಟರ್ ಹಗುರಾಗುತ್ತದೆ ಎಂದೂ ಕೆಲವರು ತಿಳಿದಿದ್ದಾರೆ. ಹಾಗಿಲ್ಲ. ಒಂದು ಪುಟ ಟ್ಯಾಬ್‌ನಲ್ಲಿದ್ದರೂ ಸ್ವಂತ ವಿಂಡೋದಲ್ಲಿದ್ದರೂ ಹೆಚ್ಚುಕಡಿಮೆ ಅಷ್ಟೇ ಮೆಮೊರಿ ತಿನ್ನುತ್ತದೆ.

ಇದು ಹೊಸದೇನಲ್ಲ

2007ರ ಜೂನ್‌ನಲ್ಲಿ ಮೊದಲ ಐಫೋನ್ ಮಾರಾಟಕ್ಕೆ ಬರುವ ಮುಂಚೆ ಸ್ಟೀವ್ ಜಾಬ್ಸ್ ಹೊರಗಿನ ಡೆವಲಪರ್‌ಗಳಿಗೆ ಹೇಳಿದ್ದು ಇದನ್ನೇ: ಐಫೋನಿಗೆ ಆ್ಯಪ್ ಬೇಕಾದರೆ ಸಫಾರಿಯಲ್ಲಿ ನಡೆಯುವ ವೆಬ್ ಆ್ಯಪ್ ಮಾಡಿ. ಆ್ಯಪ್ ಸ್ಟೋರ್ ಬಂದದ್ದು ಮರುವರ್ಷ. ಅದೇ 2007ರಲ್ಲಿ ಮೊಝಿಲ್ಲಾ ಸಂಸ್ಥೆ ಪ್ರಿಸಂ ಎಂಬ ಪ್ರಯೋಗ ಮಾಡಿತು, ವೆಬ್‌ಸೈಟಿಗೆ ಸ್ವಂತ ವಿಂಡೋ ಕೊಡುವುದೇ ಅದರ ಕೆಲಸ. 2008ರಲ್ಲಿ ಹೊರಬಂದ ಕ್ರೋಮ್‌ನ ಮೊದಲ ಆವೃತ್ತಿಯಲ್ಲೂ ಇಂಥ ಸೌಲಭ್ಯ ಇತ್ತು.

ಪ್ರೊಗ್ರೆಸಿವ್ ವೆಬ್ ಆ್ಯಪ್ ಎಂಬ ಹೆಸರು 2015ರದ್ದು. ವಿನ್ಯಾಸಗಾರ್ತಿ ಫ್ರಾನ್ಸಿಸ್ ಬೆರಿಮನ್ ಮತ್ತು ಕ್ರೋಮ್‌ನ ಎಂಜಿನಿಯರ್ ಅಲೆಕ್ಸ್ ರಸೆಲ್ ಇದನ್ನು ಕೊಟ್ಟರು. ಅದೇ ವರ್ಷದ ನವೆಂಬರ್‌ನಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್ "ಫ್ಲಿಪ್‌ಕಾರ್ಟ್ ಲೈಟ್" ತಂದಿತು. ಮೊದಮೊದಲ ದೊಡ್ಡ ಪಿಡಬ್ಲ್ಯುಎಗಳಲ್ಲಿ ಅದೂ ಒಂದು ಎಂಬುದು ನಮಗೆ ಹೆಮ್ಮೆಯ ವಿಷಯ. ನೆಟ್ ನಿಧಾನ, ಫೋನಿನಲ್ಲಿ ಜಾಗ ಕಡಿಮೆ ಎಂಬ ನಮ್ಮ ಊರುಗಳ ತೊಂದರೆಗೆ ಅಂದು ಅದು ಉತ್ತರವಾಗಿತ್ತು.

ವಿಂಡೋಸ್ ಕಂಪ್ಯೂಟರಿನ ಕ್ರೋಮ್‌ಗೆ ಇದು ಪೂರ್ತಿಯಾಗಿ ಬಂದದ್ದು 2018ರಲ್ಲಿ. ಫೈರ್‌ಫಾಕ್ಸ್ ಮಾತ್ರ 2021ರ ಜನವರಿಯಲ್ಲಿ, ಇನ್ನೂ ಪ್ರಯೋಗದಲ್ಲಿದ್ದ ಇಂಥ ಸೌಲಭ್ಯವನ್ನು ತೆಗೆದುಹಾಕಿ, ನಾಲ್ಕು ವರ್ಷ ಕಳೆದು ಮತ್ತೆ ತಂದಿತು.

ವಿಳಾಸ ಕಾಣದಿದ್ದರೆ ನಂಬುವುದು ಹೇಗೆ?

ಒಂದು ಸಂಜೆ ಮಾವ ಸ್ವಲ್ಪ ಹೆದರಿಯೇ ಫೋನ್ ಮಾಡಿದರು. ಬ್ಯಾಂಕಿನ ಸೈಟನ್ನು ಅವರು ತಾವೇ ಆ್ಯಪ್ ಮಾಡಿಕೊಂಡಿದ್ದರು. ತೆರೆದರೆ ಮೇಲ್ಗಡೆ ಎಂದೂ ಇಲ್ಲದ ಒಂದು ಪಟ್ಟಿ, ಅದರಲ್ಲಿ ಒಂದು ವಿಳಾಸ. "ಇದೆಂತ ಮೋಸವಾ? ನಾನು ಕೈ ಹಾಕಲೇ ಇಲ್ಲ, ಹಾಗೇ ಬಿಟ್ಟಿದ್ದೇನೆ." ಅವರು ನಿಲ್ಲಿಸಿ ಕೇಳಿದ್ದು ತುಂಬಾ ಒಳ್ಳೆಯದಾಯಿತು.

ಅದು ಮೋಸ ಆಗಿರಲಿಲ್ಲ. ಭಾರತೀಯ ರಿಸರ್ವ್ ಬ್ಯಾಂಕ್ ದೇಶದ ಬ್ಯಾಂಕುಗಳಿಗೆಲ್ಲ ತಮ್ಮ ವೆಬ್ ವಿಳಾಸವನ್ನು "ಡಾಟ್ ಬ್ಯಾಂಕ್ ಡಾಟ್ ಇನ್" ಎಂದು ಕೊನೆಯಾಗುವಂತೆ ಬದಲಿಸಲು ಹೇಳಿತ್ತು. 2025ರ ಅಕ್ಟೋಬರ್ 31 ಗಡುವು. ಮಾವ ಆ್ಯಪ್ ಮಾಡಿದ್ದು ಹಳೆಯ ವಿಳಾಸದಿಂದ. ಬ್ಯಾಂಕ್ ಈಗ ಹೊಸ ವಿಳಾಸಕ್ಕೆ ಕಳಿಸುತ್ತಿತ್ತು. ಪ್ರತಿ ವೆಬ್ ಆ್ಯಪಿಗೂ ಒಂದು ಗಡಿ ಇರುತ್ತದೆ, ಅದು ಯಾವ ವಿಳಾಸದ ಒಳಗೆ ಓಡಾಡಬಹುದು ಎಂಬುದು. ಗಡಿ ದಾಟಿ ಬೇರೆ ವಿಳಾಸಕ್ಕೆ ಹೋದ ಕೂಡಲೇ ಕ್ರೋಮ್ ಆ ಪಟ್ಟಿ ತೋರಿಸಿ "ನೋಡಿ, ನೀವೀಗ ಇಲ್ಲಿದ್ದೀರಿ" ಎಂದು ಎಚ್ಚರಿಸುತ್ತದೆ. ಹೊಸ ವಿಳಾಸವನ್ನು ಬ್ರೌಸರ್‌ನಲ್ಲಿ ನಾವೇ ಟೈಪ್ ಮಾಡಿ ತೆರೆದು, ಸರಿಯಿದೆ ಎಂದು ನೋಡಿ, ಹಳೆಯ ಆ್ಯಪ್ ತೆಗೆದುಹಾಕಿದೆವು.

ಆದರೆ ಅವರ ಹೆದರಿಕೆಗೆ ಕಾರಣ ಇಲ್ಲದೇ ಇಲ್ಲ. ಮೋಸದ ಸೈಟನ್ನು ಗುರುತಿಸಲು ನಮಗಿರುವ ಮೊದಲ ಸಾಧನವೇ ವಿಳಾಸ. ಆ್ಯಪ್ ವಿಂಡೋದಲ್ಲಿ ಅದೇ ಮರೆಯಾಗುತ್ತದೆ. ಮೋಸಗಾರರು ಇದನ್ನು ಬಳಸಿಕೊಂಡೂ ಆಗಿದೆ. 2024ರ ಆಗಸ್ಟ್‌ನಲ್ಲಿ ಭದ್ರತಾ ಸಂಸ್ಥೆ ಇಸೆಟ್ ಒಂದು ಪ್ರಕರಣ ಬಯಲು ಮಾಡಿತು. ಝೆಕ್ ದೇಶದ ಬ್ಯಾಂಕ್ ಗ್ರಾಹಕರ ಫೋನಿಗೆ "ಆ್ಯಪ್ ಅಪ್‌ಡೇಟ್ ಮಾಡಿ" ಎಂಬಂಥ ಸಂದೇಶ ಕಳಿಸಿ, ಲಿಂಕ್ ಒತ್ತಿದವರ ಫೋನಿಗೆ ಬ್ಯಾಂಕಿನ ಆ್ಯಪಿನಂತೆಯೇ ಕಾಣುವ ನಕಲಿ ವೆಬ್ ಆ್ಯಪ್ ಸೇರಿಸುತ್ತಿದ್ದರು. ಐಕಾನ್ ಅದೇ, ಬಣ್ಣ ಅದೇ. ಹಾಕಿದ ಯೂಸರ್ ನೇಮ್, ಪಾಸ್‌ವರ್ಡ್ ಮಾತ್ರ ಕಳ್ಳರಿಗೆ ಹೋಗುತ್ತಿತ್ತು.

ಹಾಗಾಗಿ ಒಂದು ಅಭ್ಯಾಸ ಬೇಕು. ಎಸ್ಸೆಮ್ಮೆಸ್, ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತಿ ಬಂದ ಪುಟವನ್ನು ಎಂದೂ ಆ್ಯಪ್ ಮಾಡಬೇಡಿ. ಕೆವೈಸಿ ಬಾಕಿ ಇದೆ, ವಿದ್ಯುತ್ ಕಡಿತವಾಗುತ್ತದೆ ಎಂದು ಅವಸರ ಮಾಡುವ ಸಂದೇಶಗಳಂತೂ ಬೇಡವೇ ಬೇಡ. ವಿಳಾಸ ನೀವೇ ಟೈಪ್ ಮಾಡಿ, ಪುಟ ಸರಿಯಿದೆ ಎಂದು ಖಚಿತವಾದ ಮೇಲೆ ಮಾಡಿ. ಈಗಾಗಲೇ ಮಾಡಿದ ಆ್ಯಪಿನ ಮೇಲೆ ಅನುಮಾನ ಬಂದರೆ ಅದರ ವಿಂಡೋದ ಮೇಲಿರುವ ಮೂರು ಚುಕ್ಕಿ ಒತ್ತಿ. ಸೈಟಿನ ವಿಳಾಸ ಅಲ್ಲಿ ಸಿಗುತ್ತದೆ, ಅದನ್ನೇ ಮತ್ತೆ ಬ್ರೌಸರ್‌ನಲ್ಲಿ ತೆರೆದೂ ನೋಡಬಹುದು. ಮಾವನಿಗೆ ನಾನು ಹೇಳಿದ್ದು, ಬ್ಯಾಂಕನ್ನು ಬ್ರೌಸರ್‌ನಲ್ಲೇ ಇಡಿ ಎಂದು. ದಿನಕ್ಕೆ ಒಮ್ಮೆ ತೆರೆಯುವುದಕ್ಕೆ ಬೇರೆ ವಿಂಡೋದ ಅಗತ್ಯ ಅಷ್ಟಿಲ್ಲ, ವಿಳಾಸ ಕಣ್ಣೆದುರು ಇರುವುದು ಹೆಚ್ಚು ಮುಖ್ಯ.

ಬೇಡವಾದಾಗ

ತೆಗೆಯುವುದೂ ಸುಲಭ. ಆ್ಯಪಿನ ವಿಂಡೋದಲ್ಲೇ ಮೂರು ಚುಕ್ಕಿ ಒತ್ತಿದರೆ "ಅನ್‌ಇನ್‌ಸ್ಟಾಲ್" ಕಾಣುತ್ತದೆ. ವಿಂಡೋಸ್ ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಯಿಂದಲೂ ತೆಗೆಯಬಹುದು. ನಿಮ್ಮ ಇಮೇಲ್, ಖಾತೆ ಯಾವುದೂ ಅಳಿಸಿಹೋಗುವುದಿಲ್ಲ. ಅವೆಲ್ಲ ಇರುವುದು ಆ ಸೈಟಿನವರ ಕಂಪ್ಯೂಟರಿನಲ್ಲಿ, ಇಲ್ಲಿ ತೆಗೆದದ್ದು ಪಾರ್ಸೆಲ್ ಕೌಂಟರ್ ಮಾತ್ರ.

ತೆಗೆಯುವಾಗ ಕ್ರೋಮ್ ಒಂದು ಚೌಕ ತೋರಿಸಿ, ಈ ಸೈಟಿನ ಮಾಹಿತಿಯನ್ನೂ ಅಳಿಸಬೇಕಾ ಎಂದು ಕೇಳುತ್ತದೆ. ಅದಕ್ಕೆ ಟಿಕ್ ಹಾಕದಿದ್ದರೆ ಟೋಕನ್ ಡಬ್ಬಿಯಲ್ಲೇ ಉಳಿಯುತ್ತದೆ, ಬ್ರೌಸರ್‌ನಲ್ಲಿ ಆ ಸೈಟ್ ತೆರೆದರೆ ನೀವು ಇನ್ನೂ ಲಾಗಿನ್ ಆಗಿಯೇ ಇರುತ್ತೀರಿ. ಅದೇ ಕಂಪ್ಯೂಟರ್ ಮುಂದೆಯೂ ಬಳಸುವುದಾದರೆ ಹಾಗೇ ಬಿಡಬಹುದು. ಮಾವ ತಮ್ಮ ಹಳೆಯ ವಿಂಡೋಸ್ 10 ಕಂಪ್ಯೂಟರನ್ನು ಪರಿಚಯದ ಒಬ್ಬರಿಗೆ ಕೊಡುವವರಿದ್ದರು. ಅದಕ್ಕೆ ಅದರಲ್ಲಿದ್ದ ಆರ್ಡರ್, ಇಮೇಲ್ ಎರಡನ್ನೂ ಟಿಕ್ ಹಾಕಿ ತೆಗೆದೆವು, ಎರಡೂ ಪ್ರೊಫೈಲ್ ಅಳಿಸಿದೆವು, ಕೊನೆಗೆ ವಿಂಡೋಸ್ ಅನ್ನೇ ರೀಸೆಟ್ ಮಾಡಿದೆವು. ಗಲ್ಲಾದ ಹೊಸ ಕಂಪ್ಯೂಟರಿನಲ್ಲಿ ಈಗ ಎಡಗಡೆ ಆರ್ಡರ್ ವಿಂಡೋ, ಬಲಗಡೆ ಇಮೇಲ್. ಯಕ್ಷಗಾನ "ಮನೆ" ಪ್ರೊಫೈಲಿನಲ್ಲಿದೆ.